ಪದಚರ್ಚೆ: ಸರ್ಕಾರಿ ವಕೀಲರು ಸಾಕ್ಷ್ಯ ಮುಚ್ಚಿಟ್ಟರೆ ಅದಕ್ಕೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ತಪ್ಪು ಮಾಡದವರು ಜೈಲಿಗೆ ಹೋಗುವುದರಲ್ಲಿ ಸರ್ಕಾರಿ ವಕೀಲರ ಕೈ ಎಷ್ಟಿರುತ್ತದೆ ಅನ್ನುವುದರ ಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅವರು ಬೇಕೆಂದೇ ಸಾಕ್ಷ್ಯ ಮುಚ್ಚಿಡುವಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಪ್ರಾಸಿಕ್ಯೂಟೋರಿಯಲ್ ಮಿಸ್‌ಕಂಡಕ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಏನು ಬರೆಯಲಿ?

‘ದುರ್ನಡತೆ’ ಎಂದರೆ ವಕೀಲರು ಕುಡಿದು ಕೋರ್ಟಿಗೆ ಬಂದರೇನೋ ಅನ್ನಿಸುತ್ತದೆ, ಅಲ್ವಾ? ‘ಕರ್ತವ್ಯಲೋಪ’ದಲ್ಲಿ ಮರೆವು, ಉದಾಸೀನ ಇದೆ. ಬೇಕೆಂದೇ ಮಾಡಿದ್ದು ಎಂಬ ಅರ್ಥ ಬರುವುದಿಲ್ಲ.

ಅಮೆರಿಕದ ಟೆಕ್ಸಸ್‌ನ ಮೈಕಲ್ ಮಾರ್ಟನ್ ಪ್ರಕರಣ ನೋಡಿ. ಹೆಂಡತಿಯನ್ನು ಕೊಂದರೆಂದು 1987ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಲೆಯಾದ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ ಎಂದು ಮೂರು ವರ್ಷದ ಮಗ ಅಜ್ಜಿಗೆ ಹೇಳಿದ್ದ. ಆ ಮಾತು ಪೊಲೀಸರ ಕಡತದಲ್ಲಿತ್ತು, ಆರೋಪಿಯ ವಕೀಲರ ಕೈಗೆ ಬರಲೇ ಇಲ್ಲ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಚ್ಚಿಡಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1963ರಲ್ಲೇ ಹೇಳಿತ್ತು! ಡಿಎನ್‌ಎ ಪರೀಕ್ಷೆ ನಡೆದು 2011ರಲ್ಲಿ ಬಿಡುಗಡೆಯಾಗುವಾಗ ಸುಮಾರು 25 ವರ್ಷ ಜೈಲಿನಲ್ಲೇ ಕಳೆದಿತ್ತು. ಕೇಸು ನಡೆಸಿದ ಸರ್ಕಾರಿ ವಕೀಲರು (ಪ್ರಾಸಿಕ್ಯೂಟರ್) ಅಷ್ಟರಲ್ಲಿ ಜಡ್ಜ್ ಆಗಿದ್ದರು. 2013ರಲ್ಲಿ ಅವರಿಗೆ ಆದ ಶಿಕ್ಷೆ 10 ದಿನದ ಜೈಲು. ಇದನ್ನು ‘ಲೋಪ’ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟೂ 2022ರಲ್ಲಿ, ಪ್ರಾಸಿಕ್ಯೂಷನ್ (ಕೇಸು ನಡೆಸುವ ಸರ್ಕಾರದ ಕಡೆ) ತಾನು ಬಳಸದೆ ಬಿಟ್ಟ ಹೇಳಿಕೆ, ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂದಿದೆ. ಹಾಗಾಗಿ ಈ ಪದ ಇಲ್ಲಿಗೂ ಬೇಕಾಗುವಂಥದ್ದೇ.

‘ರಾಂಗ್‌ಫುಲ್ ಕನ್ವಿಕ್ಷನ್’ಗೆ ‘ನಿರಪರಾಧಿಗೆ ಶಿಕ್ಷೆ’ ಎಂದು ಬರೆದುಕೊಂಡಿದ್ದೇನೆ. ‘ತಪ್ಪು ಶಿಕ್ಷೆ’ ಎಂದರೆ ಶಿಕ್ಷೆಯ ಪ್ರಮಾಣ ಜಾಸ್ತಿಯಾಯಿತು ಎಂದೂ ಓದಬಹುದು.

ಕಾಸರಗೋಡಿನ ತಾಪತ್ರಯ ಬೇರೆಯೇ. ಮಲಯಾಳದಲ್ಲಿ ಆರೋಪಿ ಎಂದರೆ ‘ಪ್ರತಿ’, ಅವನ ಪರ ವಾದಿಸುವವರು ‘ಪ್ರತಿಭಾಗ’. ‘ಪ್ರತಿಭಾಗಕ್ಕೆ ದಾಖಲೆ ಕೊಡಲಿಲ್ಲ’ ಎಂದರೆ ನಮ್ಮ ಕಡೆಯವರಿಗೆ ತಟ್ಟನೆ ತಿಳಿಯುತ್ತದೆ. ಧಾರವಾಡದವರು ‘ಪ್ರತಿ’ ಅಂದರೆ ಝೆರಾಕ್ಸ್ ಅಂದುಕೊಂಡಾರು! ಇನ್ನು ಪ್ರಾಸಿಕ್ಯೂಟರ್‌ಗೆ ‘ಅಭಿಯೋಜಕ’ ಎಂಬುದು ಬರೀ ಸರ್ಕಾರಿ ಕಾಗದದ ಪದ, ಸುಮ್ನೆ ಓದುಗರನ್ನು ಓಡಿಸುತ್ತದೆ. ‘ಸರ್ಕಾರಿ ವಕೀಲ’ ಎಂದೇ ಇಟ್ಟಿದ್ದೇನೆ.

ಸದ್ಯಕ್ಕೆ ನನ್ನ ಒಲವು ‘ಪ್ರಾಸಿಕ್ಯೂಷನ್ ಅಕ್ರಮ’ದ ಕಡೆಗೆ. ಸಾಕ್ಷ್ಯ ಮುಚ್ಚಿಡುವುದು, ಸುಳ್ಳುಸಾಕ್ಷಿ ಎಂದು ಗೊತ್ತಿದ್ದೂ ಹೇಳಿಸುವುದು ಎರಡೂ ಅದರಲ್ಲಿ ಅಡಗುತ್ತವೆ. ಆದರೆ ‘ಅಕ್ರಮ’ ಎಂದ ಕೂಡಲೇ ದುಡ್ಡು ತಿಂದರು ಎಂಬ ಅನುಮಾನ ಬರುತ್ತದಲ್ಲ? ಮಂಗಳೂರು, ಪುತ್ತೂರು ಕೋರ್ಟುಗಳಲ್ಲಿ ಓಡಾಡುವವರು ಇಲ್ಲಿದ್ದರೆ, ಅಲ್ಲಿ ಬಾಯಿಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ ತಿಳಿಸಿ.