ದಿನಾ ಸಿಗರೇಟ್, ಜೊತೆಗೆ ವಿಟಮಿನ್ ಸಿ, ಇ ಮಾತ್ರೆ: ರಕ್ತನಾಳ ಉಳಿಯುತ್ತಾ?

ದಾವಣಗೆರೆ_ಹುಡುಗ:
ನಮ್ಮ ಭಾವನಿಗೆ ನಲವತ್ತು ದಾಟಿದೆ, ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಬೇಕೇ ಬೇಕು. ಅಕ್ಕ ಬೈದರೆ "ವಿಟಮಿನ್ ಸಿ ಚೀಪ್ತೀನಿ, ಇ ಕ್ಯಾಪ್ಸೂಲ್ ನುಂಗ್ತೀನಿ, ಆಂಟಿಆಕ್ಸಿಡೆಂಟ್ ಎಲ್ಲಾ ಸರಿ ಮಾಡುತ್ತೆ" ಅನ್ನುತ್ತಾರೆ. ಯಾವುದೋ ವಿಡಿಯೋ ನೋಡಿದ್ದಾರೆ. ಅದರ ಮೇಲೆ ಹೊಗೆ ಹೋಗುವುದು ಶ್ವಾಸಕೋಶಕ್ಕೆ, ರಕ್ತನಾಳಕ್ಕೇನು ಸಂಬಂಧ ಅಂತ ನನ್ನನ್ನೇ ಕೇಳುತ್ತಾರೆ. ಗೊತ್ತಿರುವವರು ಹೇಳಿ. ಸುಮ್ನೆ "ಬಿಡಿಸಿ" ಅಂತ ಬರೆಯಬೇಡಿ, ಅದು ನನಗೂ ಗೊತ್ತು.

ಬಯಾಲಜಿ_ಮೇಷ್ಟ್ರು:
ಹೊಗೆಯಲ್ಲಿರುವುದು ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ, ಅಲ್ಲಿಂದ ನೇರ ರಕ್ತಕ್ಕೆ ಇಳಿಯುತ್ತದೆ. ರಕ್ತನಾಳದ ಒಳಗೋಡೆಗೆ ಎಂಡೋಥೀಲಿಯಂ ಅಂತ ಒಂದೇ ಒಂದು ಕೋಶದಷ್ಟು ತೆಳು ಪದರ ಇದೆ. ನಾನ್‌ಸ್ಟಿಕ್ ಬಾಣಲೆಯ ಲೇಪ ಇದ್ದಂತೆ, ರಕ್ತ ಅಂಟದೆ ಹರಿಯುವುದು ಇದರಿಂದಲೇ. ಈ ಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತದೆ, ಆಗ ನಾಳ ಸಡಿಲವಾಗಿ ಹಿಗ್ಗುತ್ತದೆ (ಇದನ್ನು ಕಂಡುಹಿಡಿದದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು). ಹೊಗೆಯ ಫ್ರೀ ರ‍್ಯಾಡಿಕಲ್‌ಗಳು (ಎದುರು ಸಿಕ್ಕಿದ ಅಣುಗಳನ್ನು ಕೆಡಿಸುವ ಕಣಗಳು) ಮೊದಲು ಕೈ ಹಾಕುವುದೇ ಆ ಅನಿಲಕ್ಕೆ. ಅದು ಕಡಿಮೆಯಾದರೆ ನಾಳ ಹಿಗ್ಗುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಅಂಟಿಕೊಳ್ಳುತ್ತವೆ, ಕೆಟ್ಟ ಕೊಲೆಸ್ಟರಾಲ್ ಆಕ್ಸಿಡೈಸ್ ಆಗಿ ಗೋಡೆಯೊಳಗೆ ಕೂರುತ್ತದೆ. ಜೊತೆಗೆ ನಿಕೋಟಿನ್ ಬಿಪಿ ಏರಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಬಳಿಸುತ್ತದೆ. ನೋವೇ ಇಲ್ಲದೆ ಇಷ್ಟೂ ನಡೆಯುವುದರಿಂದ ನಿಮ್ಮ ಭಾವನಿಗೆ ಧೈರ್ಯ.

ಕಾಫಿ_ಆಮೇಲೆ:
ಹಾಗಾದರೆ ಆ ಫ್ರೀ ರ‍್ಯಾಡಿಕಲ್‌ಗಳನ್ನು ತಡೆಯುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಸರಿಹೋಗಬೇಕಲ್ವಾ? ಭಾವನ ಲೆಕ್ಕ ತಪ್ಪೇನಲ್ಲ ಅನಿಸುತ್ತದೆ.

ಔಷಧಿ_ಅಂಗಡಿ:
ಲೆಕ್ಕ ಚೆನ್ನಾಗಿಯೇ ಇದೆ, ದೊಡ್ಡ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಸಿಗರೇಟ್ ಸೇದುವವರ ತೋಳಿನ ರಕ್ತನಾಳಕ್ಕೆ ನೇರವಾಗಿ ವಿಟಮಿನ್ ಸಿ ಹರಿಸಿದಾಗ ನಾಳ ಚೆನ್ನಾಗಿ ಹಿಗ್ಗಿದ್ದನ್ನು 1996ರಲ್ಲೇ ತೋರಿಸಿದ್ದಾರೆ. ಆ ವಿಡಿಯೋದವರು ಹೇಳುವುದು ಬಹುಶಃ ಇಷ್ಟನ್ನೇ. ಆಮೇಲೆ ಮಾತ್ರೆ ಕೊಟ್ಟು ನೋಡಿದರು. ನುಂಗಿದ 2 ಗಂಟೆಗೆ ಸುಧಾರಣೆ ಕಂಡಿತು, ದಿನಾ ನುಂಗಿ 8 ವಾರ ಆದ ಮೇಲೆ ನೋಡಿದರೆ ಏನೂ ಇಲ್ಲ.

ಇನ್ನು ಫಿನ್‌ಲೆಂಡ್ ಕಥೆ ಕೇಳಿ. 50ರಿಂದ 69 ವಯಸ್ಸಿನ 29 ಸಾವಿರಕ್ಕೂ ಹೆಚ್ಚು ಗಂಡಸರು, ಎಲ್ಲರೂ ಸೇದುವವರೇ. ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಬೀಟಾ ಕ್ಯಾರೊಟಿನ್ (ಕ್ಯಾರೆಟ್‌ನಲ್ಲಿರುವ ಆಂಟಿಆಕ್ಸಿಡೆಂಟ್), ಕೆಲವರಿಗೆ ಎರಡೂ, ಉಳಿದವರಿಗೆ ಖಾಲಿ ಮಾತ್ರೆ, 5ರಿಂದ 8 ವರ್ಷ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ! ವಿಟಮಿನ್ ಇ ಗುಂಪಿನಲ್ಲಿ ಮೆದುಳಿನ ರಕ್ತಸ್ರಾವದಿಂದ ಸತ್ತವರು ಹೆಚ್ಚು. ಅಮೆರಿಕದಲ್ಲೂ ಇಂಥದ್ದೇ ಪ್ರಯೋಗ ನಡೆಯುತ್ತಿತ್ತು, 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಬ್ರಿಟನ್ನಿನಲ್ಲಿ 20 ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಇ, ಸಿ, ಬೀಟಾ ಕ್ಯಾರೊಟಿನ್ ಮೂರೂ ಕೊಟ್ಟರು, 2002ರಲ್ಲಿ ನೋಡಿದರೆ ಹಾರ್ಟ್ ಅಟ್ಯಾಕ್ ಒಂದಿಷ್ಟೂ ತಗ್ಗಿರಲಿಲ್ಲ.

ಭಾವನ ಮಲ್ಟಿವಿಟಮಿನ್ ಸ್ಟ್ರಿಪ್ ತಿರುಗಿಸಿ, ಬೀಟಾ ಕ್ಯಾರೊಟಿನ್ ಇದೆಯಾ ನೋಡಿ. ಇದ್ದರೆ ಅದನ್ನಂತೂ ಇವತ್ತೇ ನಿಲ್ಲಿಸಲಿ.

ಸೀಬೆಹಣ್ಣು:
ಹಣ್ಣು ತರಕಾರಿಗೂ ಹೆದರಬೇಕಾ ಮತ್ತೆ?

ಔಷಧಿ_ಅಂಗಡಿ:
ಛೇ ಇಲ್ಲ. ಸೇದುವವರ ರಕ್ತದಲ್ಲಿ ವಿಟಮಿನ್ ಸಿ ಬೇಗ ಖರ್ಚಾಗುತ್ತದೆ, ಸೀಬೆ, ನೆಲ್ಲಿಕಾಯಿ ಧಾರಾಳವಾಗಿ ತಿನ್ನಲಿ. ಕ್ಯಾರೆಟ್ ಕೂಡ. ತೊಂದರೆ ಬಂದದ್ದು ದೊಡ್ಡ ಡೋಸಿನ ಮಾತ್ರೆಯಿಂದ.

ಹಳ್ಳಿ_ನರ್ಸ್:
ಬರ್ಜರ್ ಕಾಯಿಲೆ ಯಾರೂ ಹೇಳಲಿಲ್ಲ. ಬೀಡಿ, ಸಿಗರೇಟ್ ಸೇದುವ ಚಿಕ್ಕ ವಯಸ್ಸಿನ ಗಂಡಸರಿಗೇ ಜಾಸ್ತಿ. ಕೈಕಾಲಿನ ಸಣ್ಣ ನಾಳಗಳು ಕಟ್ಟಿ, ಮೊದಲು ನಡೆದರೆ ನೋವು, ಆಮೇಲೆ ಬೆರಳು ಕಪ್ಪಾಗುತ್ತದೆ, ಕತ್ತರಿಸಬೇಕಾಗುತ್ತದೆ. ಯಾವ ವಿಟಮಿನ್ನೂ ತಡೆಯುವುದಿಲ್ಲ, ಪೂರ್ತಿ ಬಿಟ್ಟವರ ಕಾಲು ಹೆಚ್ಚಾಗಿ ಉಳಿಯುತ್ತದೆ.

ದಾವಣಗೆರೆ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಹೇಳಿದೆ, ಈಗ "ದಿನಕ್ಕೆ ಒಂದೇ ಒಂದು ಸೇದ್ತೀನಿ" ಎಂಬ ರಾಜಿಗೆ ಬಂದಿದ್ದಾರೆ.

ಬಯಾಲಜಿ_ಮೇಷ್ಟ್ರು:
ಹೃದಯದ ವಿಷಯದಲ್ಲಿ ಈ ರಾಜಿ ಅಷ್ಟು ನಡೆಯುವುದಿಲ್ಲ. ದಿನಕ್ಕೆ 20 ಸೇದುವವರಿಗಿರುವ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟು ಒಂದೇ ಸಿಗರೇಟಿನಲ್ಲಿ ಉಳಿದುಕೊಳ್ಳುತ್ತದೆ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದವರು ಹೇಳಿದ್ದಾರೆ. ಪೂರ್ತಿ ಬಿಟ್ಟರೆ ಒಂದು ವರ್ಷದಲ್ಲಿ ಹೃದಯದ ಅಪಾಯ ಸೇದುವವರದ್ದಕ್ಕಿಂತ ಅರ್ಧಕ್ಕೆ ಇಳಿಯುತ್ತದೆ.

ಔಷಧಿ_ಅಂಗಡಿ:
ಪ್ಯಾಕ್ ಮೇಲೆಯೇ 1800-11-2356 ಅಂತ ನಂಬರ್ ಇರುತ್ತದೆ, ಫೋನ್ ಫ್ರೀ. ನಿಕೋಟಿನ್ ಗಮ್ ಬೇಕಾದರೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಲಿ. ಆದರೆ ಅದನ್ನು ಮಾಮೂಲಿ ಚ್ಯೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯಬಾರದು. ಸ್ವಲ್ಪ ಅಗಿದು, ಚುರುಕು ಅನಿಸಿದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ, ಆಮೇಲೆ "ಇದು ಆಗಲ್ಲ" ಅಂತ ಮತ್ತೆ ಪೆಟ್ಟಿಗೆ ಅಂಗಡಿಗೇ ಹೋಗುತ್ತಾರೆ.