ಅಪ್‌ಡೇಟ್: ಕೊನೆಗೂ ಲಿಂಬೆಗೆ ಹೂ ಬಂತು

ಇಂಡಿ ಕಡೆಯ ನಮ್ಮ ತೋಟದಲ್ಲಿ ರೇಟು ಬಿದ್ದಿರುವ ಮಳೆಗಾಲಕ್ಕೇ ಲಿಂಬೆ ಜಾಸ್ತಿ ಬರುತ್ತೆ, ಬೇಸಿಗೆಗೆ ಹೇಗೆ ತರೋದು ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದಂತೆ ಆಗಿನ ಹೂ ತಡೆಯೋಕೆ ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ), ಚಿಗುರಿನ ಬೆಳವಣಿಗೆ ತಡೆಯೋಕೆ ಸೆಪ್ಟೆಂಬರ್‌ನಲ್ಲಿ ಸೈಕೋಸೆಲ್ 1000 ಪಿಪಿಎಂ ಹೊಡೆದೆ. ಗಿಡ ಒಣಗಿ ಹೂವಿಗೆ ತಿರುಗಲಿ ಅಂತ ನೀರೂ ಬಂದ್ ಮಾಡಿದೆ. ಎಲೆ ಸೊರಗಿ ಮುದುಡಿದಾಗ ಅಪ್ಪ ಬೈದಿದ್ದೇ ಬೈದಿದ್ದು! ಅಕ್ಟೋಬರ್‌ನಲ್ಲಿ ಲೀಟರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಿ ನೀರು ಬಿಟ್ಟೆ. ಮೊದಲು ಸ್ವಲ್ಪ, ಆಮೇಲೆ ಪೂರ್ತಿ.

ಈಗ ಎಲೆ ಸಂದಿಯಲ್ಲೆಲ್ಲ ಕಡಲೆಕಾಳಿನಷ್ಟು ಹಸಿರು ಕಾಯಿ, ಕೆಲವಕ್ಕೆ ಒಣಗಿದ ಹೂವಿನೆಸಳು ಇನ್ನೂ ಅಂಟಿಕೊಂಡಿದೆ. ತಗ್ಗಿನ ಎರಡು ಸಾಲು ಮಾತ್ರ ಕೈಕೊಟ್ಟವು. ಎರೆಮಣ್ಣು, ಮೇಲೆ ಮಳೆ ಬೇರೆ. ಬೇರು ಒಣಗಲೇ ಇಲ್ಲ, ಹಾಗಾಗಿ ಹೂ ಬರದೆ ಬರೀ ಚಿಗುರು. ಮುಂದಿನ ಸಲ ಅಲ್ಲಿ ಮೊದಲು ಬಸಿಗಾಲುವೆ ತೆಗೆಸುತ್ತೇನೆ. ಏಪ್ರಿಲ್ ಕೊಯ್ಲಿನ ಫೋಟೋ ಹಾಕುತ್ತೇನೆ.