ಎದೆಯಲ್ಲಿ ಕರುಳು: 4 ತಿಂಗಳ ಮಗುವಿಗೆ ಆಪರೇಷನ್ ಅಂತಿದ್ದಾರೆ, ಅನುಭವ ಇದ್ದವರು ಹೇಳಿ

ಶಹಾಪುರದಿಂದ ಕೇಳಿದ್ದು:
ಮಗಳಿಗೆ ಈಗಾಗಲೇ ಮೂರು ಸಲ ನಿಮೋನಿಯಾ ಅಂತ ಔಷಧ ಆಯ್ತು. ಈಗ ಎಕ್ಸ್‌ರೇ ನೋಡಿ, ಕರುಳು ಎದೆಯೊಳಗೆ ಹೋಗಿದೆ, ಇದೂ ಒಂಥರ ಹುಟ್ಟು ಹರ್ನಿಯಾ, ಆಪರೇಷನ್ ಬೇಕು ಅಂದರು. ಸ್ವಲ್ಪ ದೊಡ್ಡವಳಾಗಲಿ ಅಂತಾರೆ ಮನೆಯ ಹಿರಿಯರು. ಕಾಯಬಹುದಾ?

ಕಲಬುರಗಿಯ ಒಬ್ಬ ತಾಯಿ:
ಕಾಯಬೇಡ ತಂಗಿ. ನನ್ನ ಮಗನಿಗೂ ಇದೇ ಆಗಿತ್ತು. ಗೊತ್ತಾಗಿದ್ದು 5ನೇ ತಿಂಗಳಲ್ಲಿ. ಅಲ್ಲಿವರೆಗೆ ಕಫ ಕಫ ಅಂತ ಹೋದಲ್ಲೆಲ್ಲ ನೆಬ್ಯುಲೈಸರ್. ನಮ್ಮತ್ತೆ ಬೇರೆ ದಿನಾ ಬಜೆ ತೇಯ್ದು ನೆಕ್ಕಿಸುತ್ತಿದ್ದರು. ಒಂದು ಆಸ್ಪತ್ರೆಯಲ್ಲಂತೂ ಎಡ ಶ್ವಾಸಕೋಶದ ಸುತ್ತ ಗಾಳಿ ತುಂಬಿದೆ, ಎದೆಗೆ ಟ್ಯೂಬ್ ಹಾಕ್ತೀವಿ ಅಂದುಬಿಟ್ಟರು. ಅಷ್ಟರಲ್ಲಿ ಇನ್ನೊಬ್ಬ ಡಾಕ್ಟರ್ ಬಂದು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದರು. "ಗುಳ್ಳೆ ಗುಳ್ಳೆ ಕಾಣುತ್ತಲ್ಲ, ಇದು ಕರುಳು" ಅಂದರು. ಟ್ಯೂಬ್ ಹಾಕಿದ್ದರೆ ಕರುಳಿಗೇ ಚುಚ್ಚಬಹುದಿತ್ತು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಆಮೇಲೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಮತ್ತೆ ಎಕ್ಸ್‌ರೇ ತೆಗೆದರು. ನಳಿಕೆಯ ತುದಿ ಎದೆಯಲ್ಲೇ ಸುತ್ತಿಕೊಂಡಿತ್ತು, ಜಠರವೂ ಮೇಲೇ ಹೋಗಿತ್ತು.

ಹಾಲು ಕುಡಿಸಿದ ಮೇಲೆ ಅವನ ಎಡ ಬೆನ್ನಿಗೆ ಕಿವಿ ಇಟ್ಟರೆ ಗುಳುಗುಳು ಅನ್ನುತ್ತಿತ್ತು. ಕಫ ಅಂದುಕೊಂಡಿದ್ದೆ ನಾನು!

ಆಪರೇಷನ್‌ನಲ್ಲಿ ಪಕ್ಕೆಲುಬಿನ ಕೆಳಗೆ ಕೊಯ್ದು, ಎಲ್ಲ ಕೆಳಗಿಳಿಸಿ, ಎದೆ–ಹೊಟ್ಟೆ ನಡುವಿನ ಪರದೆಯ ತೂತು ಹೊಲಿದರು. ತೂತು ದೊಡ್ಡದಿದ್ದರೆ ತೇಪೆ ಹಾಕಬೇಕಾಗುತ್ತೆ ಅಂದಿದ್ದರು, ನಮಗೆ ಬೇಕಾಗಲಿಲ್ಲ. 9ನೇ ದಿನ ಮನೆಗೆ ಬಂದೆವು.

ಬೀದರಿನ ಒಬ್ಬ ತಂದೆ:
ನಮ್ಮದು ಬೇರೆ ಥರ. ಬಸಿರಿನ 5ನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗಿ, ಹೆರಿಗೆ ಹೈದರಾಬಾದಿನಲ್ಲಿ ಮಾಡಿಸಿದೆವು. ಹುಟ್ಟಿದ ದಿನವೇ ಆಪರೇಷನ್ ಅಂದುಕೊಂಡಿದ್ದೆ. 4 ದಿನ ವೆಂಟಿಲೇಟರ್‌ನಲ್ಲಿಟ್ಟರು. ಗರ್ಭದಲ್ಲೇ ಶ್ವಾಸಕೋಶ ಸರಿಯಾಗಿ ಬೆಳೆದಿರಲಿಲ್ಲ, ಅದರ ರಕ್ತನಾಳಗಳ ಒತ್ತಡ ಇಳಿಯಬೇಕಿತ್ತು. ಇದನ್ನು ಓದಿ ಹೆದರಬೇಡಿ ಮತ್ತೆ. ತಿಂಗಳುಗಳಾದ ಮೇಲೆ ಗೊತ್ತಾಗುವ ಮಕ್ಕಳಿಗೆ ಶ್ವಾಸಕೋಶ ಸಾಮಾನ್ಯವಾಗಿ ಚೆನ್ನಾಗೇ ಬೆಳೆದಿರುತ್ತೆ ಅಂತ ನಮ್ಮ ಡಾಕ್ಟರೇ ಹೇಳಿದ್ದು.

ಯಾದಗಿರಿಯ ಒಬ್ಬ ನರ್ಸ್:
ಪಕ್ಕದಿಂದ ಎಕ್ಸ್‌ರೇ ತೆಗೆಸಿದ್ದೀರಾ? ತೂತು ಪರದೆಯ ಹಿಂಭಾಗದಲ್ಲಿದ್ದರೆ ಬೋಕ್ಡಾಲೆಕ್ ಹರ್ನಿಯಾ, ಮುಂಭಾಗದಲ್ಲಿ ಎದೆಮೂಳೆಗೆ ತಾಗಿದಂತೆ ಇದ್ದರೆ ಮೋರ್ಗಾನಿ ಹರ್ನಿಯಾ ಅಂತಾರೆ. ಎರಡನೆಯದು ತುಂಬ ಅಪರೂಪ. ಹೃದಯದ ಎಕೋ ಸ್ಕ್ಯಾನ್ ಕೂಡ ಮಾಡಿಸಿ, ಜೊತೆಗೆ ಹೃದಯದ ತೊಂದರೆಯೂ ಇರಬಹುದು. ಹಸಿರು ವಾಂತಿ, ಏದುಸಿರು, ಹಾಲು ಬೇಡ ಅನ್ನೋದು ಕಂಡರೆ ಕೊಟ್ಟ ತಾರೀಖು ನೋಡುತ್ತಾ ಕೂರಬೇಡಿ. ಕರುಳು ಸಿಕ್ಕಿಕೊಂಡು ರಕ್ತ ನಿಂತರೆ ಗಂಟೆಗಳ ಲೆಕ್ಕ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಬರೆಸಿಕೊಳ್ಳಿ. ರಾಜ್ಯದ ಗಡಿ ದಾಟಿ ಹೋಗೋದಾದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯಾ ಅಂತ ಫೋನ್ ಮಾಡಿ ಕೇಳಿ.

ಶಹಾಪುರದಿಂದ ಮತ್ತೆ:
ಪಕ್ಕದ ಎಕ್ಸ್‌ರೇ ತೆಗೆದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡ್ತೀವಿ. ಅಕ್ಕಾ, ಈಗಷ್ಟೇ ಅವಳ ಬೆನ್ನಿಗೆ ಕಿವಿ ಇಟ್ಟು ನೋಡಿದೆ. ಅದೇ ಗುಳುಗುಳು.